ಮಲಗಿದವರ ಒಪ್ಪಿಗೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಒಂದು ರಾತ್ರಿ, ಅಪ್ಪ ಗಾಢ ನಿದ್ದೆಯಲ್ಲಿದ್ದಾಗ, ಅವನ ಮುಖದ ಮಾಸ್ಕಿನ ಪಟ್ಟಿಗಳನ್ನು ನಾನು ಎಳೆದು ಬಿಗಿ ಮಾಡಿದೆ. ಅವನನ್ನು ಎಬ್ಬಿಸಲಿಲ್ಲ, ಕೇಳಲಿಲ್ಲ. ಮಾಡಿದ್ದು ಅವನ ಒಳ್ಳೆಯದಕ್ಕೇ. ಹಾಗೆ ಮಾಡುವ ಹಕ್ಕು ನನಗಿತ್ತೇ ಎಂಬುದು ಈ ಬರಹದ ಪ್ರಶ್ನೆ. ಇಷ್ಟು ಸಣ್ಣ ಸಂಗತಿಗೆ ‘ಹಕ್ಕು’ ಎಂಬ ದೊಡ್ಡ ಪದವೇಕೆ ಎಂದು ನಿಮಗೆ ಅನಿಸಬಹುದು. ನನಗೂ ಆವತ್ತು ಹಾಗೇ ಅನಿಸುತ್ತಿತ್ತೇನೋ. ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನಾನು ನಾಲ್ಕು ವರ್ಷದಿಂದ ‘ಒಪ್ಪಿಗೆ’ ಎಂಬ ಒಂದೇ ಪದದ ಸುತ್ತ ಓದುತ್ತಿದ್ದೇನೆ. ಆ ರಾತ್ರಿ ಆ ಓದಿನ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ಅಪ್ಪನಿಗೆ 58 ವರ್ಷ. ಅರಸೀಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಅವನದೊಂದು ಹಿಟ್ಟಿನ ಗಿರಣಿಯಿದೆ. ಊರವರ ಬಾಯಲ್ಲಿ ಮಿಲ್ಲು. ಅವನ ಗೊರಕೆ ಬೀದಿಗೆಲ್ಲ ಗೊತ್ತು. ಚಿಕ್ಕವರಿದ್ದಾಗ ನಾವು ಅವನನ್ನು ಕುಂಭಕರ್ಣ ಎಂದು ಆಡಿಕೊಂಡು ನಗುತ್ತಿದ್ದೆವು. ನಗದಿದ್ದವಳು ಅವ್ವ ಒಬ್ಬಳೇ. “ಗೊರಕೆ ಹೊಡೀತಿದ್ರೆ ನಂಗೆ ಭಯ ಇಲ್ಲ ಕಣೆ, ನಿಂತಾಗ ಭಯ” ಅನ್ನುತ್ತಿದ್ದಳು. ನಡುರಾತ್ರಿ ಗೊರಕೆ ಥಟ್ಟನೆ ನಿಂತುಬಿಡುತ್ತದೆ. ಎದೆ ಎಳೆದಾಡುತ್ತಿರುತ್ತದೆ, ಉಸಿರು ಮಾತ್ರ ಇಲ್ಲ. ಅವಳು ಕತ್ತಲಲ್ಲಿ ಕಣ್ಣುಬಿಟ್ಟುಕೊಂಡು ಮನಸ್ಸಿನಲ್ಲೇ ಎಣಿಸುತ್ತಾಳೆ. ಇಪ್ಪತ್ತೋ ಇಪ್ಪತ್ತೈದೋ ಎಣಿಸುವಷ್ಟರಲ್ಲಿ ಅಪ್ಪ ಬಾವಿಯಿಂದ ಮೇಲೆದ್ದವನಂತೆ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತಾನೆ. ವರ್ಷಗಟ್ಟಲೆ ಅವಳು ಮಾಡಿದ ಈ ಎಣಿಕೆಯನ್ನು ಮನೆಯಲ್ಲಿ ಯಾರೂ ಕಾಯಿಲೆಯ ಲಕ್ಷಣ ಅಂದುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ರಾಗಿ ಬೀಸುತ್ತಿರುವಾಗಲೇ, ಮೂಟೆಯ ಮೇಲೆ ಕೂತಿದ್ದ ಅಪ್ಪ ತೂಕಡಿಸಿ, ಓಡುತ್ತಿದ್ದ ಬೆಲ್ಟಿನ ಕಡೆಗೆ ವಾಲಿದ. ರಾಗಿ ತಂದಿದ್ದ ಹೆಂಗಸು ಕೂಗಿಕೊಂಡು ಅವನ ಅಂಗಿ ಹಿಡಿದು ಎಳೆದಳು. ಆಮೇಲಷ್ಟೇ ನಾವು ಮೈಸೂರಿನಲ್ಲಿ ತಜ್ಞರನ್ನು ಕಂಡದ್ದು.

ಒಂದು ರಾತ್ರಿ ಮೈತುಂಬ ವೈರುಗಳನ್ನು ಅಂಟಿಸಿ ಅವನ ನಿದ್ದೆಯನ್ನು ಅಳೆದರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದು ಈ ಕಾಯಿಲೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ, ಇಲ್ಲವೇ ತೀರಾ ಕ್ಷೀಣಿಸಿದರೆ, ಅದನ್ನು ಒಂದು ಎಂದು ಲೆಕ್ಕ ಹಾಕುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ. ಅಪ್ಪನದು 38. ಅಂದರೆ ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ ಅವನ ಮೈ ಅವನನ್ನು ಅಲ್ಲಾಡಿಸಿ ಎಬ್ಬಿಸುತ್ತಿತ್ತು. ಬೆಳಿಗ್ಗೆ ಅವನಿಗೆ ಒಂದೂ ನೆನಪಿರುತ್ತಿರಲಿಲ್ಲ.

ಇದಕ್ಕೆ ಕೊಟ್ಟ ಔಷಧಿಯೆಂದರೆ ಗಾಳಿ. ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಯಂತ್ರ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್. ರಾತ್ರಿಯಿಡೀ ಒಂದೇ ಸಮನೆ ಬರುವ ಗಾಳಿಯ ಒತ್ತಡ ಗಂಟಲು ಕುಸಿಯದಂತೆ ಒಳಗಿನಿಂದ ಆಧಾರ ಕೊಡುತ್ತದೆ. 1980ರಲ್ಲಿ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಇದನ್ನು ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಮರುವರ್ಷ ಐವರು ರೋಗಿಗಳ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೊದಮೊದಲು ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಿ, ಪ್ರತಿ ರಾತ್ರಿಯೂ ಅದನ್ನು ಅಂಟು ಹಾಕಿ ಮುಖಕ್ಕೆ ಅಂಟಿಸುತ್ತಿದ್ದರಂತೆ. ಗಾಳಿ ಸೋರಬಾರದಲ್ಲ! ಈ ಚಿಕಿತ್ಸೆ ಹುಟ್ಟಿದ ದಿನದಿಂದಲೂ ಅದರ ತಲೆನೋವು ಇದೇ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಎಲ್ಲವೂ ನಿಂತಿರುವುದು ಒಂದು ಸಿಲಿಕಾನ್ ಅಂಚು ಮತ್ತು ಒಂದು ಕೆನ್ನೆಯ ನಡುವಿನ ಹೊಂದಾಣಿಕೆಯ ಮೇಲೆ.

ಅಪ್ಪನ ಮಾಸ್ಕ್ ಸೋರುತ್ತಿತ್ತು. ಮಗ್ಗುಲು ಬದಲಿಸಿದಾಗ ದಿಂಬಿಗೆ ಒತ್ತಿ ಅಂಚು ಏಳುತ್ತಿತ್ತು. ಮೂಗಿನ ಮೇಲ್ಭಾಗದಿಂದ ನುಗ್ಗಿದ ಗಾಳಿ ಕಣ್ಣಿಗೆ ಹೊಡೆದು ಬೆಳಿಗ್ಗೆ ಕಣ್ಣು ಕೆಂಪಗಿರುತ್ತಿತ್ತು, ಬಾಯಿ ಒಣಗಿರುತ್ತಿತ್ತು. ನಡುರಾತ್ರಿ ಅವನ ಕೈ ತಾನಾಗಿಯೇ ಮೇಲೆದ್ದು ಮಾಸ್ಕನ್ನು ಕಿತ್ತು ಪಕ್ಕಕ್ಕಿಡುತ್ತಿತ್ತು. “ನಾನು ತೆಗೆದೇ ಇಲ್ಲ” ಎಂದು ಅವನು ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ತೆಗೆದವನಿಗೆ ಎಚ್ಚರವಿರಲಿಲ್ಲ, ಎಚ್ಚರವಿದ್ದವನು ತೆಗೆದಿರಲಿಲ್ಲ.

ಈ ಯಂತ್ರಗಳು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತವೆ: ಎಷ್ಟು ಗಂಟೆಗೆ ಹಾಕಿದ, ಎಷ್ಟಕ್ಕೆ ತೆಗೆದ, ಎಷ್ಟು ಸಲ ಉಸಿರು ನಿಂತಿತು, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಸೋರಿತು. ನಮ್ಮ ಯಂತ್ರದಲ್ಲಿ ಸೋರಿಕೆ 24 ಲೀಟರ್ ದಾಟಿದರೆ ಕೆಂಪು ಗುರುತು. ಅಪ್ಪನ ಫೋನು ಹಳೆಯದು, ಆ್ಯಪ್ ಹಿಡಿಸುವುದಿಲ್ಲವೆಂದು ಅದನ್ನು ನನ್ನ ಫೋನಿಗೇ ಹಾಕಿಕೊಂಡೆ. ಹಾಗಾಗಿ ಮೈಸೂರಿನ ಹಾಸ್ಟೆಲಿನಲ್ಲಿ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲೇ, ನಾನು ಅರಸೀಕೆರೆ ಕಡೆಯ ಅಪ್ಪನ ನಿದ್ದೆಯನ್ನು ಓದುತ್ತಿದ್ದೆ.

ಓದುತ್ತಾ ಹೋದಂತೆ ಚಟವಾಯಿತು. ಸೋರಿಕೆಯ ಗೆರೆ ವಾರದ ಕೊನೆಗೆ ಏರುತ್ತದೆ, ಶನಿವಾರ ರಾತ್ರಿ ಇಳಿದುಬಿಡುತ್ತದೆ ಎಂದು ಗಮನಿಸಿದೆ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಅಪ್ಪ ಗಡ್ಡ ಕೆರೆಯುವುದು ಶನಿವಾರ ಬೆಳಿಗ್ಗೆ. ಕೂದಲು ಬೆಳೆದಷ್ಟೂ ಸಿಲಿಕಾನ್ ಅಂಚು ಚರ್ಮಕ್ಕೆ ಕೂರುವುದಿಲ್ಲ. ನನಗೆ ಪತ್ತೇದಾರಿಕೆಯ ಖುಷಿ. ಫೋನು ಮಾಡಿ “ದಿನಾ ಶೇವ್ ಮಾಡ್ಕೋ ಅಪ್ಪಾ” ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಗಡ್ಡದ ಲೆಕ್ಕಾನೂ ನಿನ್ನ ಹತ್ರ ಐತೇನವ್ವ?” ಅಂದ. ನಾನು ನಕ್ಕೆ. ಅವನು ನಕ್ಕನೋ ಇಲ್ಲವೋ ಈಗ ನೆನಪಿಲ್ಲ.

ಇನ್ನೊಂದು ರಾತ್ರಿಯ ಲೆಕ್ಕವಿದೆ. ಅದನ್ನು ಬರೆಯದೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಐದು ತಿಂಗಳಿಂದ ನನ್ನ ಫೆಲೋಶಿಪ್ ಹಣ ಬಂದಿರಲಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿ ಒಂದು ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. “ಬರ್ತದೆ ಬಿಡು, ಎಲ್ಲಿಗೆ ಹೋಗ್ತದೆ” ಅಂದ, ಹಗುರಾಗಿ. ಮರುದಿನ ಬೆಳಿಗ್ಗೆ ಆ್ಯಪ್ ನೋಡಿದರೆ 10.40ಕ್ಕೆ ಹಾಕಿದ ಮಾಸ್ಕ್ 1.10ಕ್ಕೆ ತೆಗೆದದ್ದು, ಮತ್ತೆ ಹಾಕಿಯೇ ಇಲ್ಲ. ಫೋನಿನಲ್ಲಿ ಕೇಳಿದರೆ “ಭೇಷಾಗಿ ನಿದ್ದೆ ಬಂತು” ಅಂದ. “ಸುಳ್ಳು ಹೇಳ್ಬೇಡಪ್ಪಾ, ಒಂದು ಗಂಟೆಗೇ ತೆಗೆದಿದೀಯ. ಇಷ್ಟು ದುಡ್ಡು ಸುರಿದು ತಂದಿದ್ದು ಯಾಕೆ?” ಎಂದು ಗದರಿದೆ. ಅವನು ಏನೂ ಹೇಳಲಿಲ್ಲ. ಮಧ್ಯಾಹ್ನ ನನ್ನ ಖಾತೆಗೆ ಎಂಟು ಸಾವಿರ ರೂಪಾಯಿ ಬಂತು. ಸಂಜೆ ಅವ್ವ ಹೇಳಿದಳು: ಅವನು ಬೆಳಗಾಗುವ ತನಕ ಜಗಲಿಯ ಮೇಲೆ ಕೂತಿದ್ದನಂತೆ.

ಅಪ್ಪ ನನ್ನಿಂದ ಮುಚ್ಚಿಟ್ಟದ್ದು ತಪ್ಪನ್ನಲ್ಲ, ಚಿಂತೆಯನ್ನು. ನನಗೆ ಭಾರವಾಗಬಾರದೆಂದು ಹೇಳಿದ ಸುಳ್ಳು ಅದು. ಯಂತ್ರ ಅದನ್ನು ನನ್ನ ಅಂಗೈಗೆ ತಂದು ಕೊಟ್ಟಿತು. ನಾನು ಅದನ್ನು ಅವನ ಮುಖಕ್ಕೆ ಎಸೆದೆ. ಕಾಳಜಿಯಿಂದ ನೋಡುವುದಕ್ಕೂ ಕಾವಲು ಕಾಯುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಉದ್ದಕ್ಕೆ ಬರೆದಿದ್ದೇನೆ. ಅದೇ ವಾರ ಅದನ್ನು ತಿದ್ದುತ್ತಿದ್ದೆ ಎಂಬುದು ನೆನೆದರೆ ನಾಚಿಕೆಯಾಗುತ್ತದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ದೀಪಾವಳಿಗೆ ಊರಿಗೆ ಹೋದೆ. ನಡುರಾತ್ರಿ ಪಕ್ಕದ ಕೋಣೆಯಿಂದ ಸುಯ್ ಎಂಬ ಸದ್ದು. ಹೋಗಿ ನೋಡಿದರೆ ಅಪ್ಪ ಮಗ್ಗುಲಾಗಿ ಮಲಗಿದ್ದಾನೆ, ಕೆನ್ನೆಯ ಬದಿಯಿಂದ ಗಾಳಿ ಹೋಗುತ್ತಿದೆ. ನೆನಪಿರುವಂತೆ ನಾನು ಅಪ್ಪನ ಮುಖವನ್ನು ಮುಟ್ಟಿದ್ದು ಅದೇ ಮೊದಲು. ನಮ್ಮಂಥ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳು ಅಪ್ಪನ ಕಾಲು ಮುಟ್ಟುತ್ತೇವೆ, ಕೈ ಹಿಡಿಯುತ್ತೇವೆ, ಮುಖ ಮುಟ್ಟುವುದಿಲ್ಲ. ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಎಳೆದು ಅಂಟಿಸಿದೆ. ಸದ್ದು ನಿಂತಿತು. ಮತ್ತೆರಡು ರಾತ್ರಿ ಹೀಗೇ ಮಾಡಿದೆ. ಆದರೆ ಆ್ಯಪಿನ ಲೆಕ್ಕ ಇಳಿಯುವ ಬದಲು ಏರಿತ್ತು. ಮೂರನೆಯ ಬೆಳಿಗ್ಗೆ ಅಪ್ಪನ ಮೂಗಿನ ಮೇಲೆ ಚರ್ಮ ಕಿತ್ತು ಹಸಿಗಾಯವಾಗಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಅವ್ವ ಎರಡು ದಿನದಿಂದ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳಂತೆ. ಎಣ್ಣೆ ಹಚ್ಚಿದ ಚರ್ಮದ ಮೇಲೆ ಮಾಸ್ಕ್ ಜಾರುತ್ತದೆ, ಜಾರಿದರೆ ಸೋರುತ್ತದೆ, ಸೋರಿದರೆ ಮಗಳು ಬಂದು ಇನ್ನಷ್ಟು ಎಳೆಯುತ್ತಾಳೆ. ಮೂರು ಜನರ ಪ್ರೀತಿ ಸೇರಿ ಒಂದು ಮೂಗನ್ನು ಗಾಯ ಮಾಡಿತ್ತು.

ಯಂತ್ರ ಕೊಟ್ಟ ಅಂಗಡಿಯಿಂದ ಬಂದ ಹುಡುಗನಿಗೆ ನನಗಿಂತ ಚಿಕ್ಕ ವಯಸ್ಸು. ಗಾಯ ನೋಡಿ “ಯಾರು ಮೇಡಂ ಇಷ್ಟು ಟೈಟ್ ಮಾಡಿದ್ದು?” ಅಂದ. ಅಂಚಿನ ಸಿಲಿಕಾನ್ ಪದರ ತೆಳ್ಳಗಿರುವುದು ಸುಮ್ಮನೆ ಅಲ್ಲ, ಗಾಳಿ ತುಂಬಿ ಉಬ್ಬಿ ತಾನೇ ಮುಖಕ್ಕೆ ಕೂರಲಿ ಎಂದು. ಹೆಚ್ಚು ಎಳೆದರೆ ಅದು ಚಪ್ಪಟೆಯಾಗಿ ಮಡಿಚಿಕೊಳ್ಳುತ್ತದೆ, ಮಡಿಕೆಯಲ್ಲೇ ಗಾಳಿ ದಾರಿ ಮಾಡಿಕೊಳ್ಳುತ್ತದೆ ಎಂದು ತೋರಿಸಿದ. ಗಾಯ ಮಾಯುವ ತನಕ ಮೂಗಿನ ಆ ಜಾಗಕ್ಕೆ ತಾಗದ ಇನ್ನೊಂದು ಬಗೆಯ ಮಾಸ್ಕ್ ಕೊಟ್ಟ. ಅದನ್ನು ಕೂತು ಹಾಕಿಕೊಳ್ಳಬಾರದು. ಮಲಗಿ, ಯಂತ್ರ ಚಾಲೂ ಮಾಡಿ, ಆಮೇಲೆ ಹೊಂದಿಸಬೇಕು, ಏಕೆಂದರೆ ಮಲಗಿದಾಗ ಕೆನ್ನೆಯ ಮಾಂಸ ಬೇರೆ ಕಡೆಗೆ ಇಳಿಯುತ್ತದೆ. ಸೋರಿದರೆ ಮೊದಲು ಎಳೆಯಬಾರದು; ಮಾಸ್ಕನ್ನು ಮುಖದಿಂದ ಸ್ವಲ್ಪ ಮೇಲೆತ್ತಿ, ಗಾಳಿ ತುಂಬಿಕೊಳ್ಳಲು ಬಿಟ್ಟು, ಮತ್ತೆ ಕೂರಿಸಬೇಕು. ರಾತ್ರಿ ಮುಖ ತೊಳೆದು ಎಣ್ಣೆಜಿಡ್ಡು ತೆಗೆಯಬೇಕು, ಅಂಚನ್ನು ದಿನಾ ತಿಳಿ ಸೋಪಿನ ನೀರಿನಲ್ಲಿ ತೊಳೆಯಬೇಕು, ಸಿಲಿಕಾನ್ ಮೆತ್ತಗಾದರೆ ಬದಲಿಸಬೇಕು.

ಇನ್ನೊಂದು ವಿಷಯಕ್ಕೆ ಅವನು ನಿಜಕ್ಕೂ ಗಾಬರಿಯಾದ. ಮಾಸ್ಕಿನ ಮುಂಭಾಗದಲ್ಲಿ ಸೂಜಿಮೊನೆಯಂಥ ಸಣ್ಣ ತೂತುಗಳ ಸಾಲಿದೆ. ಅದರಿಂದ ಬರುವ ಗಾಳಿ ಅವ್ವನ ಮುಖಕ್ಕೆ ಬಡಿಯುತ್ತದೆಂದು, ಅದೂ ಒಂದು ಸೋರಿಕೆಯೆಂದು, ಅಲ್ಲಿಗೆ ಪ್ಲಾಸ್ಟರ್ ಹಚ್ಚಿಬಿಡಲೇ ಎಂದು ಕೇಳಿದೆ. “ಅಯ್ಯೋ, ಅದನ್ನ ಮಾತ್ರ ಮುಚ್ಚಬೇಡಿ” ಅಂದ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿಯೇ ಅದು. ಮುಚ್ಚಿದರೆ ತಾನು ಬಿಟ್ಟ ಗಾಳಿಯನ್ನೇ ಮನುಷ್ಯ ಮತ್ತೆ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಮಾಸ್ಕ್ ಮಾಡುವವರು ಇಷ್ಟು ಗಾಳಿ ಹೊರಹೋಗಲೇಬೇಕೆಂದು ಲೆಕ್ಕ ಹಾಕಿಯೇ ಆ ತೂತುಗಳನ್ನು ಇಡುತ್ತಾರೆ. ಒಂದಿಷ್ಟೂ ಸೋರದ ಮಾಸ್ಕ್ ಎಂದು ನಾನು ಕನಸು ಕಾಣುತ್ತಿದ್ದುದು ಅಪ್ಪನನ್ನು ಉಸಿರುಗಟ್ಟಿಸಬಹುದಾದ ವಸ್ತುವನ್ನು.

ಹುಡುಗ ಹೋದ ಮೇಲೆ ಅಪ್ಪ ಮಿಲ್ಲಿನ ಬಾಗಿಲಲ್ಲಿ ಕೂತು ಹೇಳಿದ: “ಬೆಲ್ಟು ಸಡ್ಲ ಇದ್ರೆ ಜಾರ್ತದೆ. ಬಿಗಿ ಮಾಡಿದ್ರೆ ಬೇರಿಂಗ್ ತಿಂತದೆ. ಇಷ್ಟು ವರ್ಷದಿಂದ ನಾನು ಮಾಡ್ತಿರೋ ಕೆಲ್ಸ ಅದೇ ಅಲ್ವೇನವ್ವ. ನನ್ನ ಕೇಳಿದ್ರೆ ಹೇಳ್ತಿದ್ದೆ.”

ನನ್ನ ಕೇಳಿದ್ರೆ ಹೇಳ್ತಿದ್ದೆ. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಲಗಿದವನನ್ನು ಕೇಳುವುದು ಹೇಗೆ? ಹಗಲಿನ ಅಪ್ಪ ಮಾಸ್ಕ್ ಹಾಕಿಕೊಳ್ಳುತ್ತೇನೆ ಎಂದು ಒಪ್ಪಿದ್ದಾನೆ. ರಾತ್ರಿಯ ಅಪ್ಪ ಕಿತ್ತೆಸೆಯುತ್ತಾನೆ. ಇವರಿಬ್ಬರಲ್ಲಿ ನಾನು ಯಾರ ಮಾತು ಕೇಳಬೇಕು? ವೈದ್ಯಕೀಯವನ್ನೂ ಓದಿದ್ದ ಜಾನ್ ಲಾಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಥದ್ದೇ ಒಂದು ಪ್ರಶ್ನೆ ಎತ್ತಿದ. ಎಚ್ಚರದ ಸಾಕ್ರಟಿಸನಿಗೂ ನಿದ್ದೆಯ ಸಾಕ್ರಟಿಸನಿಗೂ ಒಂದೇ ಅರಿವು ಇಲ್ಲದಿದ್ದರೆ ಅವರಿಬ್ಬರೂ ಒಬ್ಬನೇ ವ್ಯಕ್ತಿಯಲ್ಲ, ಮಲಗಿದ್ದವನು ಯೋಚಿಸಿದ್ದಕ್ಕೆ ಎಚ್ಚರದವನನ್ನು ಶಿಕ್ಷಿಸುವುದು ನ್ಯಾಯವಲ್ಲ ಎಂಬುದು ಅವನ ವಾದ. ಮಾಸ್ಕ್ ಕಿತ್ತದ್ದಕ್ಕೆ ಬೆಳಿಗ್ಗೆ ಅಪ್ಪನನ್ನು ಗದರಿದ ನಾನು ಲಾಕ್‌ನ ನ್ಯಾಯಾಲಯದಲ್ಲಿ ಸೋತೆ. ಅದಕ್ಕೂ ಬಹಳ ಹಿಂದೆ, ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಸುಷುಪ್ತಿಯ ವಿಷಯ ಹೇಳುವಾಗ, ಆ ಸ್ಥಿತಿಯಲ್ಲಿ ತಂದೆಗೆ ತಂದೆತನವೂ ಉಳಿಯುವುದಿಲ್ಲ ಎಂಬರ್ಥದ ಮಾತು ಬರುತ್ತದೆ. ಅದನ್ನು ಎಂ.ಎ. ತರಗತಿಯಲ್ಲಿ ಓದಿದಾಗ ನನಗೆ ಅದು ಮುಕ್ತಿಯ ಮಾತಾಗಿ ಕೇಳಿಸಿತ್ತು. ಅಪ್ಪನ ಹಾಸಿಗೆಯ ಪಕ್ಕ ನಿಂತಾಗ ಬೇರೆ ಥರ ಕೇಳಿಸುತ್ತದೆ. ಅಲ್ಲಿ ಮಲಗಿರುವವನು ನನ್ನನ್ನು ಗದರುವ, ನನಗೆ ದುಡ್ಡು ಕಳಿಸುವ, ನನ್ನಿಂದ ಚಿಂತೆ ಮುಚ್ಚಿಡುವ ಅಪ್ಪನಲ್ಲ. ತನ್ನನ್ನು ತಾನು ಕಾಯ್ದುಕೊಳ್ಳಲಾಗದ ಒಂದು ಮೈ. ಅವನು ತಂದೆತನವನ್ನು ಕಳಚಿಟ್ಟ ಹೊತ್ತಿನಲ್ಲಿ ಅದನ್ನು ನಾನು ಎತ್ತಿಕೊಂಡು ತೊಟ್ಟುಕೊಂಡಿದ್ದೆ.

ಗ್ರೀಕ್ ಕಾವ್ಯದ ಒಡಿಸ್ಯೂಸನ ಕಥೆ ನಿಮಗೆ ಗೊತ್ತಿರಬಹುದು. ಸೈರನ್‌ಗಳ ಹಾಡು ಕೇಳುವ ಮೊದಲು ಅವನು ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಳ್ಳುತ್ತಾನೆ. ಬಿಡಿಸಿ ಎಂದು ಬೇಡಿದರೆ ಇನ್ನೂ ಬಿಗಿಯಿರಿ ಎಂದು ಮೊದಲೇ ಹೇಳಿರುತ್ತಾನೆ. ಮುಂದೆ ಬುದ್ಧಿ ಕೈಕೊಡುವ ಹೊತ್ತಿಗೆ ಈಗಲೇ ಒಪ್ಪಿಗೆ ಕೊಟ್ಟಿಡುವುದಕ್ಕೆ ನನ್ನ ಕ್ಷೇತ್ರದಲ್ಲಿ ಎಲ್ಲರೂ ಕೊಡುವ ಉದಾಹರಣೆ ಇದು. ನನ್ನನ್ನು ಸಮರ್ಥಿಸಿಕೊಳ್ಳಲು ನಾನೂ ಇದನ್ನೇ ಹಿಡಿದುಕೊಂಡೆ: ಹಗಲಿನ ಅಪ್ಪನ ಪರವಾಗಿ ರಾತ್ರಿಯ ಅಪ್ಪನನ್ನು ಕಟ್ಟಿದೆ ಎಂದು. ಆದರೆ ಒಡಿಸ್ಯೂಸನ ನಾವಿಕರು ಹಗ್ಗ ಬಿಗಿದದ್ದು ಅವನ ಅಪ್ಪಣೆಯಂತೆ. ನನ್ನ ಅಪ್ಪ ಅಂಥ ಅಪ್ಪಣೆಯನ್ನೇನೂ ಕೊಟ್ಟಿರಲಿಲ್ಲ. ಮಾಸ್ಕ್ ಹಾಕಿಕೊಳ್ಳುತ್ತೇನೆ ಅಂದಿದ್ದ. ಎಷ್ಟು ಬಿಗಿ ಎಂದು ನಾನು ಕೇಳಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಉಸಿರು ನಿಂತವನ ಮುಂದೆ ನಿಂತು ಒಪ್ಪಿಗೆಗೆ ಕಾಯುತ್ತಾರೆಯೇ? ಇಲ್ಲ. ಅವ್ವ ಎಷ್ಟೋ ಸಲ ಅಪ್ಪನ ಭುಜ ಹಿಡಿದು ಅಲ್ಲಾಡಿಸಿದ್ದಾಳೆ. ಅದಕ್ಕೆ ಅವಳು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಆದರೆ ಆ ರಾತ್ರಿ ಅಪ್ಪನ ಉಸಿರು ನಿಂತಿರಲಿಲ್ಲ. ಸೋರುತ್ತಿದ್ದರೂ ಯಂತ್ರ ಕೆಲಸ ಮಾಡುತ್ತಿತ್ತು. ನನ್ನ ಕಣ್ಣ ಮುಂದಿದ್ದದ್ದು ಮರುದಿನ ಬೆಳಿಗ್ಗೆ ಫೋನಿನಲ್ಲಿ ಮೂಡುವ ಕೆಂಪು ಗುರುತು. ಜೀವ ಉಳಿಸುವವರಿಗೆ ಸಿಗುವ ವಿನಾಯಿತಿಯನ್ನು ನಾನು ಒಂದು ಅಂಕಿಯನ್ನು ಇಳಿಸಲು ಬಳಸಿಕೊಂಡೆ.

ಹೊಸ ಮಾಸ್ಕ್ ಸರಿಯಾಗಿ ಕೂತ ಮೇಲೆ ಒಂದು ಬದಲಾವಣೆ ಕಂಡಿತು. ಅಪ್ಪ ನಡುರಾತ್ರಿ ಮಾಸ್ಕ್ ಕೀಳುವುದು ಬಹುಮಟ್ಟಿಗೆ ನಿಂತಿತು. ಅಂದರೆ ಇಷ್ಟು ದಿನ ನಿದ್ದೆಯಲ್ಲಿ ಮೇಲೇಳುತ್ತಿದ್ದ ಆ ಕೈ ಹಟಮಾರಿಯಾಗಿರಲಿಲ್ಲ. ಕಣ್ಣಿಗೆ ಗಾಳಿ ಹೊಡೆಯುತ್ತಿದೆ, ಮೂಳೆ ನೋಯುತ್ತಿದೆ ಎಂದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಅದು ದೂರು ಹೇಳುತ್ತಿತ್ತು. ನಾನು ಅದನ್ನು ದಂಗೆ ಅಂದುಕೊಂಡೆ. ನಾಲ್ಕು ವರ್ಷದ ಓದಿನಲ್ಲಿ ನಾನು ಕಾಣದೆ ಹೋದದ್ದು ಇದು: ಮಲಗಿದವರು ಹೂಂ ಎನ್ನಲಾರರು, ನಿಜ, ಆದರೆ ಊಹೂಂ ಎನ್ನಬಲ್ಲರು. ಆ ಊಹೂಂಗೆ ಕಾರಣ ಹೇಳುವ ಭಾಷೆ ಅವರಿಗಿಲ್ಲ. ಕಾರಣ ಹುಡುಕುವ ಕೆಲಸ ಎಚ್ಚರವಿರುವವರದು. ಇದು ನಿದ್ದೆಗೆ ಮಾತ್ರ ಸಂಬಂಧಿಸಿದ್ದಲ್ಲ. ತುತ್ತು ಬೇಡವೆಂದು ಮುಖ ತಿರುಗಿಸುವ ಮಗು, ಮರೆವಿನ ಕಾಯಿಲೆಯಲ್ಲಿ ಕೈ ಕೊಸರಿಕೊಳ್ಳುವ ಅಜ್ಜಿ, ಎಲ್ಲರಿಗೂ ಅನ್ವಯಿಸುತ್ತದೆ. ಅವರ ನಿರಾಕರಣೆಯೇ ಕೊನೆಯ ತೀರ್ಪಲ್ಲದಿರಬಹುದು. ಆದರೆ ಅದನ್ನು ವಿಚಾರಿಸದೆ ಪಟ್ಟಿ ಎಳೆಯುವ ಹಕ್ಕು ಪ್ರೀತಿಗೂ ಇಲ್ಲ.

ಆ್ಯಪನ್ನು ನನ್ನ ಫೋನಿನಿಂದ ತೆಗೆದೆ. ಬಂದ ಫೆಲೋಶಿಪ್ ಬಾಕಿಯಲ್ಲಿ ಅಪ್ಪನಿಗೊಂದು ಫೋನು ಕೊಡಿಸಿ ಅದಕ್ಕೆ ಹಾಕಿಕೊಟ್ಟೆ. ಈಗ ಅವನ ನಿದ್ದೆಯ ಲೆಕ್ಕ ಅವನ ಹತ್ತಿರವೇ ಇದೆ. ಕೆಲವು ಭಾನುವಾರ ತಾನಾಗಿಯೇ ಹೇಳುತ್ತಾನೆ, ಕೆಲವು ಭಾನುವಾರ ಮಳೆ ಬೆಳೆ ಮಾತಾಡಿ ಫೋನಿಡುತ್ತಾನೆ. ಹೇಳದ ವಾರ ನನಗೆ ಕಸಿವಿಸಿಯಾಗುತ್ತದೆ. ಆ ಕಸಿವಿಸಿಯನ್ನು ನಾನೇ ಇಟ್ಟುಕೊಳ್ಳಬೇಕು.

ಸಂಕ್ರಾಂತಿಗೆ ಹೋದಾಗ ನೋಡಿದೆ. ಮಾಸ್ಕಿನ ನಾಲ್ಕೂ ಪಟ್ಟಿಗಳ ಮೇಲೆ ಬಾಲ್‌ಪೆನ್ನಿನಲ್ಲಿ ಒಂದೊಂದು ಗೆರೆ. ಮಿಲ್ಲಿನಲ್ಲಿ ಮೋಟರನ್ನು ಸರಿಸಿ ಬೆಲ್ಟು ಹದ ಮಾಡಿದ ಮೇಲೆ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಹೀಗೇ ಗುರುತು ಹಾಕಿಡುತ್ತಾನೆ. “ಇಲ್ಲೀ ತನಕ ಎಳೀಬೋದು” ಅಂದ, “ನಾನು ಮಲಗಿದ್ರೂ ಸರಿ. ಇದರಾಚೆ ಬೇಡ.” ಅವ್ವನಿಗೂ ತೋರಿಸಿದ್ದಾನಂತೆ. ಆ ರಾತ್ರಿ ಮತ್ತೆ ಸುಯ್ ಎಂದಿತು. ಎದ್ದು ಹೋಗಿ ಮೊಬೈಲಿನ ಬೆಳಕಿನಲ್ಲಿ ಗೆರೆ ನೋಡಿದೆ. ಪಟ್ಟಿ ಗೆರೆಯಲ್ಲೇ ಇತ್ತು. ಹುಡುಗ ಹೇಳಿಕೊಟ್ಟಂತೆ ಮಾಸ್ಕನ್ನು ಮೆಲ್ಲಗೆ ಮೇಲೆತ್ತಿ, ಗಾಳಿ ತುಂಬಿಕೊಳ್ಳಲು ಬಿಟ್ಟು, ಮತ್ತೆ ಕೂರಿಸಿದೆ. ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಹೋಗಿ ಮಲಗಿದೆ.